ಬಟ್ಟೆ ತೊಟ್ಟು ಈಜುವ ಪರೀಕ್ಷೆ

ಆಸ್ಪತ್ರೆಯಿಂದ, ಅಕ್ಟೋಬರ್ 14

ಅಲೈಡಾ,

ಫೋನು ಮಾಡಿದರೆ 'ಸಭೆಯಲ್ಲಿದ್ದೇನೆ ಹೆನ್ನಿ' ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ, ಅದು ನಿನ್ನ ಮೇಜಿನ ಮೇಲೆ ಕೂತು ಕಾಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸತ್ತಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ. ಹಾಗೆಂದು ಡಾಕ್ಟರು ಇವತ್ತಿನ ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿ ಹೋದರು.

ಗಾಯನ ಮಂಡಳಿಯವರ ಜೊತೆ ಬಸ್ಸಿನಲ್ಲಿ ಆಸ್ಟ್ರಿಯಾಕ್ಕೆ ಹೋಗಿದ್ದೆನಲ್ಲ, ಬಂದ ಮೇಲೆ ಕೆಮ್ಮು ಹಿಡಿಯಿತು. ಎಡಗಾಲಿನ ಮೀನಖಂಡ ಊದಿಕೊಂಡಿತ್ತು. ಸಂತೆಯ ದಿನ ಸೈಕಲ್ ತುಳಿಯುತ್ತಾ ಸೇತುವೆ ಏರುವಷ್ಟರಲ್ಲಿ ಉಸಿರೇ ಸಾಲದಾಯಿತು. ಇಳಿದು, ತಳ್ಳಿಕೊಂಡು, ಚರ್ಚಿನ ಎದುರಿನ ಔಷಧದಂಗಡಿಗೆ ಹೋದೆ. ಚಳಿಯೆಂದು ನೀಲಿ ಸ್ವೆಟರ್ ಹಾಕಿದ್ದೆ. ನನ್ನ ಸ್ವೆಟರ್, ನಾನೇ ಹೆಣೆದದ್ದು. ಅದನ್ನು ಹಾಕಿಕೊಂಡದ್ದೇ ಕುತ್ತಾಗುತ್ತದೆಂದು ನನಗೇನು ಗೊತ್ತು?

ಕೌಂಟರಿನ ಹಿಂದೆ ಫೆನ್ನಾ ಓಸ್ಟಿಂಗ್ ನಿಂತಿದ್ದಳು. ಹೋದ ಬೇಸಿಗೆಯಲ್ಲಿ ನಿನ್ನ ಫಾರ್ಮಸಿ ಶಾಲೆಯಿಂದ ಪಾಸಾದ ಹುಡುಗಿ. ಅವಳ ಕೌಂಟರ್ ಪರೀಕ್ಷೆಯ ದಿನ ನಾನೇ ಈ ಸ್ವೆಟರ್ ಹಾಕಿಕೊಂಡು ಕೆಮ್ಮಿನ ರೋಗಿ 'ಮೇವ್ರೌ ಪೀಟರ್ಸ್' ಎಂಬ ಅಮ್ಮನಾಗಿ ಅವಳ ಮುಂದೆ ನಿಂತಿದ್ದೆ. ನೀನು ಗಾಜಿನ ಹಿಂದೆ ಕೂತು ಪಟ್ಟಿಗೆ ಗೀಟು ಹಾಕುತ್ತಾ ಅವಳಿಗೆ ಹತ್ತಕ್ಕೆ ಒಂಬತ್ತೂವರೆ ಕೊಟ್ಟಿದ್ದೆ. ಒಂಬತ್ತು ವರ್ಷದಿಂದ ನಿನ್ನ ಶಾಲೆಯಲ್ಲಿ ಸುಳ್ಳು ಕೆಮ್ಮು ಕೆಮ್ಮುತ್ತಾ ಬಂದವಳು ನಾನು. ಸಂತೆಯ ದಿನ ಮೊದಲ ಸಲ ನಿಜವಾಗಿ ಕೆಮ್ಮುತ್ತಾ ಹೋದೆ.

ನನ್ನನ್ನು ಕಂಡದ್ದೇ ಹುಡುಗಿ ನೆಟ್ಟಗಾದಳು. ಯಾರಿಗೆ ಔಷಧ, ಎಷ್ಟು ದಿನದಿಂದ, ಏನು ಮಾಡಿ ನೋಡಿದಿರಿ, ಬೇರೆ ಯಾವ ಮಾತ್ರೆ ತಗೊಳ್ತೀರಿ ಎಂದು ನಾಲ್ಕೂ ಪ್ರಶ್ನೆಗಳನ್ನು ಸಾಲಾಗಿ ಕೇಳಿದಳು. ಎಲ್ಲಕ್ಕೂ ನಿಜ ಹೇಳಿದೆ. ಪ್ಯಾಂಟು ಎತ್ತಿ ಊದಿದ ಕಾಲನ್ನೂ ತೋರಿಸಿದೆ. ಅವಳು ಬಗ್ಗಿ ನೋಡಿ, ಅಕ್ಕಪಕ್ಕ ಕಣ್ಣಾಡಿಸಿ, ಮೆಲ್ಲಗೆ ನನ್ನ ಕಿವಿಯ ಹತ್ತಿರ ಹೇಳಿದ್ದು ಇದು:

"ಶಾಲೇಲಿ ಮಾಡಿದ್ದಕ್ಕಿಂತ ಇವತ್ತು ಇನ್ನೂ ಚೆನ್ನಾಗಿ ಮಾಡ್ತಿದೀರಿ ಮೇವ್ರೌ."

ಅರ್ಥವಾಯಿತಾ? ಅಂಗಡಿಗಳನ್ನು ಪರೀಕ್ಷಿಸಲು ಔಷಧ ವ್ಯಾಪಾರಿಗಳ ಸಂಘದವರು ವೇಷದ ಗಿರಾಕಿಗಳನ್ನು ಕಳಿಸುತ್ತಾರೆ, ಯಾರು ಬೇಕಾದರೂ ಆಗಿರಬಹುದು, ಎಚ್ಚರವಾಗಿರಿ ಎಂದು ನೀವೇ ತಾನೆ ಮಕ್ಕಳಿಗೆ ಹೆದರಿಸಿ ಕಳಿಸುವುದು? ಅವಳು ನನ್ನನ್ನು ಹಾಗೆ ತಿಳಿದಳು. ಕಾಲಿನ ಊತ ಬಣ್ಣದ ಕೈಚಳಕ ಎಂದುಕೊಂಡಳು. ಹೋದ ವರ್ಷ ನೀನೇ ನನ್ನ ತೋಳಿಗೆ ಬಣ್ಣ ಬಳಿಸಿ ದದ್ದು ಎಬ್ಬಿಸಿದ್ದೆಯಲ್ಲ.

ಕೌಂಟರ್ ಹಿಡಿದುಕೊಂಡು, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ, "ನಾನೇನು ನಾಟಕ ಆಡ್ತಿದೀನಾ?" ಅಂದೆ. ಅದು ಯಾರು ಬರೆದ ಮಾತು ಅಲೈಡಾ? ಮೇವ್ರೌ ಪೀಟರ್ಸ್‌ಗೆ ಸಿಟ್ಟು ಬರುವ ಜಾಗದಲ್ಲಿ ನೀನು ಬರೆದ ಮಾತು. ಅದಕ್ಕೆ ಏನು ಹೇಳಿದರೆ ಅಂಕ ಎಂಬುದೂ ನೀನು ಬರೆದದ್ದೇ. ಹುಡುಗಿ ತಲೆ ಸ್ವಲ್ಪ ವಾಲಿಸಿ, ನನ್ನ ಕಣ್ಣನ್ನೇ ನೋಡಿ, ಅಕ್ಷರ ತಪ್ಪದೆ ಹೇಳಿದಳು: "ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ."

ಆಮೇಲೆ ರಕ್ತದೊತ್ತಡದ ಮಾತ್ರೆಯಿಂದ ಇಂಥ ಒಣಕೆಮ್ಮು ಬರುವುದುಂಟು, ಗಾಬರಿ ಬೇಡ, ಪುರುಸೊತ್ತಾದಾಗ ಮನೆ ಡಾಕ್ಟರನ್ನು ಕಾಣಿ ಎಂದು ಹೇಳಿ ಜೇನಿನ ಪೆಪ್ಪರಮಿಂಟು ಕೊಟ್ಟಳು. ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ಬಿದ್ದೆ. ಮೀನಿನ ಗಾಡಿಯವನು ಓಡಿ ಬಂದು ಆಂಬುಲೆನ್ಸಿಗೆ ಫೋನು ಮಾಡಿದ. ಕಣ್ಣು ಮುಚ್ಚುವಾಗ ನನಗೆ ಹೊಳೆದದ್ದೇನು ಗೊತ್ತಾ, ನಿನ್ನ ಪಟ್ಟಿಯ ಪ್ರಕಾರ ಆ ಹುಡುಗಿಗೆ ಇವತ್ತೂ ಒಂಬತ್ತೂವರೆ ಸಿಗುತ್ತಿತ್ತು.

ಸಿಟ್ಟಿನಲ್ಲಿರುವ,
ಹೆನ್ನಿ

ಅಕ್ಟೋಬರ್ 22

ಮಾನ್ಯ ಮೇವ್ರೌ ಸ್ಲಾಟ್‌ಬೋಮ್ ಅವರಿಗೆ,

ನಿಮಗಾದ ಅನಾರೋಗ್ಯದ ವಿಷಯ ತಿಳಿದು ನಮ್ಮ ಶಾಲೆ ವಿಷಾದಿಸುತ್ತದೆ. ನಮ್ಮ ಪ್ರತಿ ವಿದ್ಯಾರ್ಥಿಯ ಕಲಿಕಾ ಫಲಗಳನ್ನು ಒಂದೇ ರೀತಿಯ ಸಂದರ್ಭದಲ್ಲಿ, ಒಂದೇ ಪಟ್ಟಿಯ ಪ್ರಕಾರ, ಪಕ್ಷಪಾತವಿಲ್ಲದೆ ಅಳೆಯಲಾಗುತ್ತದೆ. ಸದರಿ ವಿದ್ಯಾರ್ಥಿನಿ ಎಲ್ಲ ಕಲಿಕಾ ಫಲಗಳನ್ನು ಸಾಧಿಸಿದ್ದಾರೆಂಬುದಕ್ಕೆ ದಾಖಲೆಯಿದೆ. ಆದ್ದರಿಂದ ನಡೆದದ್ದು ವೈಯಕ್ತಿಕ ಅಜಾಗರೂಕತೆಯೇ ಹೊರತು ತರಬೇತಿಯ ಲೋಪವಲ್ಲ. ನಿಮ್ಮ ಶೀಘ್ರ ಗುಣಮುಖತೆಯನ್ನು ಹಾರೈಸುತ್ತೇವೆ.

ಅಲೈಡಾ ಬ್ರೂಕ್‌ಹೌಸ್
ಪರೀಕ್ಷಾ ಮುಖ್ಯಸ್ಥೆ

ಹೆನ್ನಿ, ಮೇಲಿನದ್ದು ನಿರ್ದೇಶಕರು ಓದಿ ಒಪ್ಪಿದ ಕಾಗದ. ಇಷ್ಟು ಮಾತ್ರ ನನ್ನ ಕೈಬರಹ. ಭಾನುವಾರ ಆಸ್ಪತ್ರೆಯ ಬಾಗಿಲ ತನಕ ಬಂದು ಹಿಂದಕ್ಕೆ ಹೋದೆ. ದ್ರಾಕ್ಷಿ ಕಳಿಸಿದ್ದೇನೆ. ಫೆಬ್ರವರಿಯಲ್ಲಿ ತಪಾಸಣಾ ಸಮಿತಿ ಬರುತ್ತಿದೆ, ಅದು ಒಪ್ಪದಿದ್ದರೆ ಶಾಲೆಯ ಮಾನ್ಯತೆಗೇ ಸಂಚಕಾರ. ದಯವಿಟ್ಟು ಪತ್ರಿಕೆಯವರ ಹತ್ತಿರ ಹೋಗಬೇಡ.
ಅ.

ಮನೆಯಿಂದ, ನವೆಂಬರ್ 3

ಅಲೈಡಾ,

ನಿನ್ನ ದ್ರಾಕ್ಷಿಯನ್ನು ನರ್ಸುಗಳಿಗೆ ಹಂಚಿದೆ. ಕಲಿಕಾ ಫಲಕ್ಕಿಂತ ಅದೇ ರುಚಿಯಾಗಿತ್ತಂತೆ. ನನ್ನನ್ನು 'ನೀವು' ಎಂದು ಬರೆಯುವಷ್ಟು ದೊಡ್ಡವಳಾದೆಯಲ್ಲ, ಆಗಲಿ. ಏಳು ವರ್ಷದವಳಿದ್ದಾಗ ನನ್ನ ಈಜುಕೊಳದ ಮೆಟ್ಟಿಲ ಮೇಲೆ ಮೂಗು ಸುರಿಸುತ್ತಾ 'ಬೂಟು ಒದ್ದೆಯಾಗುತ್ತೆ' ಎಂದು ಅತ್ತವಳು ನೀನೇ ತಾನೆ?

ಆ ಬೂಟಿನ ವಿಷಯವನ್ನೇ ಹೇಳಬೇಕು. ನಾಲ್ಕು ದಶಕ ಈ ಊರಿನ ಮಕ್ಕಳಿಗೆ ಈಜು ಕಲಿಸಿ ಡಿಪ್ಲೊಮಾ ಕೊಟ್ಟೆ. ಮೈಮೇಲೆ ಅಂಗಿ, ಚಡ್ಡಿ, ಕಾಲಿಗೆ ಬೂಟು, ಅವುಗಳ ಸಮೇತ ನೀರಿಗೆ ಬೀಳದ ಒಂದು ಮಗುವಿಗೂ ಡಿಪ್ಲೊಮಾ ಕೊಟ್ಟವಳಲ್ಲ. ಕಾಲುವೆಗೆ ಬೀಳುವ ಮಗು ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲ. ಇದು ಈ ದೇಶದ ಪ್ರತಿ ತಾಯಿಗೂ ಗೊತ್ತು. ಒಬ್ಬ ಅಧಿಕಾರಿ ಬಂದು, ಬಟ್ಟೆಯ ತೂಕ ಒಬ್ಬೊಬ್ಬರದು ಒಂದೊಂದು ತರ ಇರುತ್ತದೆ, ಪರೀಕ್ಷೆ ಸಮನಾಗಿರುವುದಿಲ್ಲ, ಬರೀ ಈಜುಡುಗೆಯಲ್ಲೇ ನಡೆಸಿ ಎಂದಿದ್ದ. ನೀರಿಗೆ ಸಮಾನತೆಯ ಪಾಠವನ್ನು ನೀವೇ ಹೇಳಿಕೊಡಿ ಸ್ವಾಮಿ ಎಂದು ಅವನನ್ನು ಕಳಿಸಿದ್ದೆ.

ನಿನ್ನ ಕೌಂಟರ್ ಪರೀಕ್ಷೆ ಈಜುಡುಗೆಯ ಪರೀಕ್ಷೆ. ಆಸ್ಪತ್ರೆಯಲ್ಲಿ ಔಷಧದ ಗಾಡಿ ತಳ್ಳಿಕೊಂಡು ಬಂದ ನಿನ್ನ ವಿದ್ಯಾರ್ಥಿನಿಯೊಬ್ಬಳು ನನ್ನ ಗುರುತು ಹಿಡಿದು ನಗುತ್ತಾ ಹೇಳಿದಳು. ನೀಲಿ ಸ್ವೆಟರ್ ಅಂದರೆ ಕೆಮ್ಮು. ಹಸಿರು ಶಾಲು ಅಂದರೆ ಕಣ್ಣಿನ ಹನಿ. ಊರುಗೋಲು ಅಂದರೆ ನೋವಿನ ಗುಳಿಗೆ. ಪ್ರತಿ ವರ್ಷ ಹಿರಿಯ ಮಕ್ಕಳು ಕಿರಿಯರಿಗೆ ಇದನ್ನು ಹೇಳಿಕೊಡುತ್ತಾರಂತೆ. ನಾನು ಬಾಗಿಲು ದಾಟುವಷ್ಟರಲ್ಲೇ ನನ್ನ ರೋಗ, ನನ್ನ ಮಾತ್ರೆ, ನನ್ನ ಸಿಟ್ಟು ಎಲ್ಲ ಅವರಿಗೆ ಗೊತ್ತು. ಅವರು ಕಲಿತದ್ದು ರೋಗಿಯನ್ನಲ್ಲ ತಾಯಿ, ಸ್ವೆಟರನ್ನು. ಗಿಳಿಗೂ ಅಷ್ಟು ಬರುತ್ತದೆ, ಅದೂ ಎರಡು ಹಣ್ಣಿನ ಚೂರಿಗೆ.

ಫೆನ್ನಾ ಕೆಟ್ಟವಳಲ್ಲ. ನೀನು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದಳು. ಅಂಗಡಿಯ ಮಾಲೀಕ ಅವಳನ್ನು ಮನೆಗೆ ಕಳಿಸಿದ್ದಾನೆಂದು ಕೇಳಿದೆ. ಎರಡೇ ಕೆಲಸ ಮಾಡು. ತಪ್ಪು ಶಾಲೆಯದು ಎಂದು ಅವನಿಗೆ ಹೇಳಿ ಹುಡುಗಿಯನ್ನು ಕೆಲಸಕ್ಕೆ ಸೇರಿಸು. ಫೆಬ್ರವರಿಯೊಳಗೆ ಆ ಪರೀಕ್ಷೆಯನ್ನು ಬದಲಿಸು. ಅಲ್ಲಿಯವರೆಗೆ ನಿನ್ನ ಗಾಜಿನ ಕೋಣೆಗೆ ನಾನು ಕಾಲಿಡುವುದಿಲ್ಲ.

ಹೆನ್ನಿ

ನವೆಂಬರ್ 20

ಹೆನ್ನಿ,

ಇದು ಯಾರೂ ಓದಿ ಒಪ್ಪಿದ ಕಾಗದವಲ್ಲ. ಹಾಗಾಗಿ ನಾನೂ ಬಾಯಿಬಿಚ್ಚಿ ಬರೆಯುತ್ತೇನೆ. ನಿನಗೊಬ್ಬಳಿಗೇ ಸಿಟ್ಟು ಬರುತ್ತದೆಂದು ತಿಳಿಯಬೇಡ.

ಆ ಸ್ವೆಟರ್ ಹಾಕು ಎಂದು ನಾನು ಹೇಳಿದ್ದೆನಾ? 'ಮೇವ್ರೌ ಪೀಟರ್ಸ್ ಇದನ್ನೇ ಹಾಕುವವಳು, ನನಗೆ ಗೊತ್ತು' ಎಂದು ಹಟ ಹಿಡಿದವಳು ನೀನು. ಒಂಬತ್ತು ವರ್ಷ ಒಂದು ಮಾತೂ ಆಚೀಚೆ ಆಗದಂತೆ ನಟಿಸಿದೆನೆಂದು ಪ್ರತಿ ಹುಟ್ಟುಹಬ್ಬದ ಕೂಟದಲ್ಲೂ ಕಾಫಿ ಆರುವ ತನಕ ಹೇಳಿಕೊಂಡವಳೂ ನೀನೇ. ಈಗ ನೆಲ ಡೊಂಕಾಯಿತೆ?

ಒಂದೇ ತರದ ಪರೀಕ್ಷೆ ಯಾಕೆ ಎಂದು ಕೇಳುತ್ತೀಯ. ನಾಲ್ಕು ವರ್ಷದ ಹಿಂದೆ ಒಬ್ಬ ತಂದೆ ವಕೀಲರನ್ನು ಕಟ್ಟಿಕೊಂಡು ದೂರಿನ ಸಮಿತಿಗೆ ಹೋದ. ಮೇವ್ರೌ ಪೀಟರ್ಸ್ ಉಳಿದವರ ಮುಂದೆ ಮೂರು ಸಲ ಕೆಮ್ಮಿದಳು, ನನ್ನ ಮಗನ ಮುಂದೆ ಎರಡೇ ಸಲ, ಅದಕ್ಕೇ ಅವನು ಎಡವಿದ ಎಂದು ವಾದ. ನಾವು ಸೋತೆವು. ಆಮೇಲೆ ನಾನು ಕೆಮ್ಮನ್ನೂ ಎಣಿಸಿ ಬರೆದೆ. ಅದಕ್ಕೂ ಮುಂಚೆ ಹೇಗಿತ್ತು ನೆನಪಿದೆಯಾ? ಮುದುಕ ಪ್ರಾಧ್ಯಾಪಕರು ಹುಡುಗಿಯರ ಮುಖ ನೋಡಿ ಅಂಕ ಹಾಕುತ್ತಿದ್ದರು, ಹಳ್ಳಿಯ ಮಾತಿನವರನ್ನು ಹಂಗಿಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಇರಬಾರದೆಂದು ಹೊಡೆದಾಡಿ ಈ ಪಟ್ಟಿ ತಂದವಳು ನಾನು. ಅದನ್ನು ನೀನು ಗಿಳಿಪಂಜರ ಎನ್ನುತ್ತೀಯ.

ಇನ್ನು ಫೆನ್ನಾಳ ವಿಷಯ. ಹೇಳಬಾರದು, ಆದರೂ ಹೇಳುತ್ತೇನೆ. ಮಾಲೀಕರು ಶಾಲೆಯಿಂದ ಒಂದು ಹೇಳಿಕೆ ಕೇಳಿದ್ದಾರೆ. ತರಬೇತಿಯಲ್ಲಿ ಕೊರತೆಯಿರಲಿಲ್ಲ ಎಂದು ನಾನು ಸಹಿ ಹಾಕಿಕೊಟ್ಟರೆ ತಪ್ಪು ಪೂರ್ತಿ ಅವಳದಾಗುತ್ತದೆ. ಅವಳು ಹೋಗುತ್ತಾಳೆ, ಈ ಊರಲ್ಲಿ ಮತ್ತೆ ಯಾವ ಕೌಂಟರಿನ ಹಿಂದೆಯೂ ಅವಳನ್ನು ನಿಲ್ಲಿಸುವುದಿಲ್ಲ. ಸಹಿ ಹಾಕದಿದ್ದರೆ ಸಮಿತಿಯ ಮುಂದೆ ಶಾಲೆಯೇ ತನ್ನ ಪರೀಕ್ಷೆ ಸುಳ್ಳೆಂದು ಒಪ್ಪಿದಂತೆ. ನಿರ್ದೇಶಕರು ಕಾಗದವನ್ನು ಮೇಜಿನ ಮೇಲೆ ಇಟ್ಟುಹೋಗಿದ್ದಾರೆ. ತಡವೆಂದರೂ ಸಮಿತಿಯ ಭೇಟಿ ಮುಗಿದ ಕೂಡಲೇ ಸಹಿ ಬೇಕಂತೆ. ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ?

ಉತ್ತರ ಬರೆಯಬೇಡ. ಗೊತ್ತಿದೆ ನನಗೆ.

ಅಲೈಡಾ

ಡಿಸೆಂಬರ್ 5
(ಉಡುಗೊರೆಯ ಪೊಟ್ಟಣದೊಳಗೆ)

ಗಾಜಿನ ಹಿಂದೆ ಕೂತವಳೇ,
ಗೀಟನು ಹಾಕುತ ಬಂದವಳೇ,
ನಕ್ಕರೆ ಒಂದು, ಬಾಗಿದರೊಂದು,
ಕೇಳದೆ ಹೋದರೂ ಅಂಕವು ಬಂದು
ಒಂಬತ್ತೂವರೆ ಕೊಟ್ಟವಳೇ!
ಮುಳುಗುವ ಮುದುಕಿ ಕೂಗಿದಳಂತೆ,
ಹುಡುಗಿಗೆ ಪಾಠವೆ ನೆನಪಾಯ್ತಂತೆ,
ಎತ್ತಿಗೆ ಬಂದರೆ ಜ್ವರ, ಅಲೈಡಾ,
ಎಮ್ಮೆಗೆ ಏತಕೆ ಬರೆ, ಅಲೈಡಾ?

ಇಂತಿ,
ಸ್ಪೇನಿನಿಂದ ಹಡಗಿನಲ್ಲಿ ಬಂದ ಸಿಂಟರ್‌ಕ್ಲಾಸ್ ಅಜ್ಜ

ಅಡಿಬರಹ: ಸಿಂಟರ್‌ಕ್ಲಾಸ್ ಹಬ್ಬಕ್ಕೆ ಅಜ್ಜನ ಹೆಸರಲ್ಲಿ ಪದ್ಯ ಕಟ್ಟಿ ಚುಚ್ಚಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು, ನಿಯಮ ಗೊತ್ತಲ್ಲ. ಅಂಗಡಿಯಲ್ಲಿ ನಿನ್ನ ಹೆಸರಿನ ಮೊದಲಕ್ಷರದ ಚಾಕಲೇಟೂ ಇತ್ತು. ಬೇಕೆಂದೇ ಫೆನ್ನಾಳ ಹೆಸರಿನದನ್ನು ತಂದೆ. ತಿನ್ನುವಾಗ ನೆನಪಾಗಲಿ.

ಡಿಸೆಂಬರ್ 17

ಗೌರವಾನ್ವಿತ ಮೇವ್ರೌ ಸ್ಲಾಟ್‌ಬೋಮ್ ಅವರಿಗೆ,

ನಾನು ಫೆನ್ನಾ ಓಸ್ಟಿಂಗ್. ನಿಮಗೆ ಬರೆಯಕೂಡದು ಎಂದು ಮಾಲೀಕರು ಹೇಳಿದ್ದರು. ಈಗ ಅವರು ನನಗೆ ಸಂಬಳ ಕೊಡುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಮೂರು ಸಲ ಬರೆದು ಹರಿದೆ. ಕ್ಷಮಿಸಿ ಎಂದು ಬರೆದರೆ ಅದೂ ಶಾಲೆಯಲ್ಲಿ ಹೇಳಿಕೊಟ್ಟ ವಾಕ್ಯದ ಹಾಗೇ ಕೇಳಿಸುತ್ತೆ.

ಒಂದು ವಿಷಯ ಮಾತ್ರ ನಿಮಗೆ ಗೊತ್ತಾಗಬೇಕು. ನಿಮ್ಮ ತುಟಿ ನೀಲಿಯಾಗಿದ್ದನ್ನು ನಾನು ನೋಡಿದೆ. ಕಾಲನ್ನೂ ನೋಡಿದೆ. ಒಂದು ಗಳಿಗೆ ಎದೆ ಧಸಕ್ ಅಂದಿತು. ಅಷ್ಟರಲ್ಲಿ ನೀವು 'ನಾನೇನು ನಾಟಕ ಆಡ್ತಿದೀನಾ' ಅಂದಿರಿ. ಆಗ ನನಗೆ ಖುಷಿಯಾಯ್ತು ಮೇವ್ರೌ. ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಲ್ಲ ಅಂತ ಖುಷಿಯಾಯ್ತು. ಆ ಖುಷಿ ನೆನಪಾದರೆ ಈಗಲೂ ಊಟ ಸೇರುವುದಿಲ್ಲ.

ಸದ್ಯಕ್ಕೆ ಸಂತೆಬೀದಿಯಲ್ಲಿ ಓಲಿಬಾಲೆನ್ ಹಿಟ್ಟಿನುಂಡೆ ಕರಿಯುವ ಗಾಡಿಯಲ್ಲಿ ಕೆಲಸ ಮಾಡ್ತಿದೀನಿ. ನಿನ್ನೆ ಒಬ್ಬ ಅಜ್ಜ ಉಂಡೆ ಒಳಗೆ ಹಸಿಯಾಗಿದೆ ಅಂದ. ಇವನು ನಿಜವಾಗಿ ಹೇಳ್ತಿದಾನೋ, ನನ್ನನ್ನು ಪರೀಕ್ಷೆ ಮಾಡೋಕೆ ಬಂದವನೋ ಅಂತ ಅವನ ಮುಖ ನೋಡುತ್ತಾ ನಿಂತುಬಿಟ್ಟೆ. ಅವನು ಬೈದುಕೊಂಡು ಹೋದ.

ನನಗೆ ಈಜು ಕಲಿಸಿದ್ದೂ ನೀವೇ. ನಿಮಗೆ ನೆನಪಿರಲಿಕ್ಕಿಲ್ಲ. ಬೂಟು ಹಾಕಿಸಿ ನೀರಿಗಿಳಿಸಿದಾಗ ತುಂಬಾ ಅತ್ತಿದ್ದೆ, ನಿಮ್ಮನ್ನು ರಾಕ್ಷಸಿ ಅಂತ ಅಮ್ಮನ ಹತ್ತಿರ ದೂರಿದ್ದೆ. ಈಜು ಇವತ್ತಿಗೂ ಮರೆತಿಲ್ಲ.

ನಿಮ್ಮ ಆರೋಗ್ಯ ನಿಜವಾಗಿ ಹೇಗಿದೆ?

ಫೆನ್ನಾ

ಜನವರಿ 8

ಅಲೈಡಾ,

ಫೆನ್ನಾ ನನಗೆ ಬರೆದ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಅವಳನ್ನು ಕೇಳಿಯೇ ಕಳಿಸುತ್ತಿದ್ದೇನೆ. ಕೂತು ಓದು, ನಿಂತು ಓದಬೇಡ.

ಸಮಿತಿಯ ಮುಂದೆ ಮೇವ್ರೌ ಪೀಟರ್ಸ್ ಆಗಿ ನಾನೇ ಬರುತ್ತೇನೆ. ನೀಲಿ ಸ್ವೆಟರಿನಲ್ಲೇ ಬರುತ್ತೇನೆ. ಥ್ಯಾಂಕ್ಸ್ ಹೇಳಬೇಡ.

ಹೆನ್ನಿ

ಜನವರಿ 15

ಹೆನ್ನಿ,

ನೀನು ಬರುತ್ತೀ ಎಂದು ಕೇಳಿ ನಿರ್ದೇಶಕರ ಮುಖಕ್ಕೆ ಕಳೆ ಬಂತು. ಫೆಬ್ರವರಿ 11ರಂದು ಬೆಳಿಗ್ಗೆ ಒಂಬತ್ತಕ್ಕೆ ಬಾ. ಮೂವರು ಸಮಿತಿಯವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ.

ಹುಡುಗಿಯ ಕಾಗದ ಓದಿದೆ. ಕೂತೇ ಓದಿದೆ. ಸಹಿ ಇನ್ನೂ ಹಾಕಿಲ್ಲ. ಸಮಿತಿ ಬಂದು ಹೋಗಲಿ.

ಅಲೈಡಾ

ಫೆಬ್ರವರಿ 11

ಅಲೈಡಾ,

ಇವತ್ತು ಮಧ್ಯಾಹ್ನದಿಂದ ನಾಲ್ಕು ಸಲ ಫೋನು ಮಾಡಿದೆ ನೀನು. ಎತ್ತಲಿಲ್ಲ. ಬರೆದೇ ಹೇಳುತ್ತೇನೆ, ಯಾಕೆಂದರೆ ನೀನು ಅಳುತ್ತೀಯ, ನೀನು ಅತ್ತರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಅದು ಇನ್ನೂ ಇಳಿಯಬಾರದು.

ಮೊದಲು ಬಂದ ಹುಡುಗರ ಮುಂದೆ ನೀನು ಬರೆದಂತೆಯೇ ಕೆಮ್ಮಿದೆ. ಎಲ್ಲರೂ ತಲೆ ವಾಲಿಸಿದರು, ಎಲ್ಲರಿಗೂ ನನ್ನ ಆತಂಕ ಅರ್ಥವಾಯಿತು. ಹಿಂದಿನ ಸಾಲಿನ ಮೂವರೂ ಬರೆದುಕೊಂಡರು. ಆಮೇಲೆ ಆ ಉದ್ದನೆಯ ಹುಡುಗ ಯೋರಿಸ್ ಬಂದ. ಅವನ ಮುಂದೆ ನೀನು ಬರೆದದ್ದನ್ನು ಬಿಟ್ಟು ಅಕ್ಟೋಬರಿನಲ್ಲಿ ಫೆನ್ನಾಗೆ ಹೇಳಿದ್ದನ್ನು ಹೇಳಿದೆ. ಕಾಲು, ಉಸಿರು, ಸೇತುವೆ, ಎಲ್ಲ. ಅವನು ಪಾಪ, ತಡವರಿಸಿದ, ಮತ್ತೆ ಸ್ವೆಟರ್ ನೋಡಿ ದಾರಿಗೆ ಬಂದ. ಆಗ ನಾನು ಕೌಂಟರ್ ಹಿಡಿದುಕೊಂಡು ನೆಲಕ್ಕೆ ಕುಸಿದೆ. ಕೂತಲ್ಲಿಂದ ಗಾಜಿನ ಕಡೆ ತಿರುಗಿ ನಿನ್ನ ಹೆಸರು ಹಿಡಿದು ಕರೆದೆ.

"ಅಲೈಡಾ, ಉಸಿರಾಡೋಕೆ ಆಗ್ತಿಲ್ಲ ಕಣೇ."

ಮೇವ್ರೌ ಪೀಟರ್ಸ್‌ಗೆ ನಿನ್ನ ಹೆಸರು ಹೇಗೆ ಗೊತ್ತಿರುತ್ತದೆ? ಕರೆದದ್ದು ಹೆನ್ನಿ. ನಾಲ್ಕು ತಿಂಗಳ ಹಿಂದೆ ಇದೇ ರೋಗದಿಂದ ಸಾಯುವುದರಲ್ಲಿದ್ದ ಹೆನ್ನಿ, ನಿನಗೆ ಈಜು ಕಲಿಸಿದ ಹೆನ್ನಿ. ನೀನು ಗಾಜಿನ ಹಿಂದಿನಿಂದ ನನ್ನನ್ನು ನೋಡಿದೆ, ಕಣ್ಣಿಗೆ ಕಣ್ಣು ಸೇರಿತು. ಆಮೇಲೆ ತಲೆ ತಗ್ಗಿಸಿ ಬರೆದುಕೊಂಡೆ. ಯೋರಿಸ್ ಕೌಂಟರಿನ ಮೇಲಿಂದ ಬಗ್ಗಿ ನಿಮ್ಮ ಆತಂಕ ಅರ್ಥವಾಗುತ್ತದೆ ಅಂದ. ಗಂಟೆ ಹೊಡೆಯಿತು. ನೆಲದ ಮೇಲೆ ಬಿದ್ದವಳಿಗೆ ಅವನು ಧನ್ಯವಾದ ಹೇಳಿ ಹೋದ. ನಾನೇ ಎದ್ದು, ಮುದುರಿದ್ದ ಸ್ವೆಟರ್ ಸರಿಮಾಡಿಕೊಂಡು, ಸೈಕಲ್ ಹತ್ತಿ ಮನೆಗೆ ಬಂದೆ.

ಹೌದು, ಇವತ್ತು ನಾಟಕವೇ. ಆದರೆ ಅದು ನಿನಗೆ ಗೊತ್ತಿರಲಿಲ್ಲ. ನಿನ್ನ ಬೂಟಿನ ಸಮೇತ ನಿನ್ನನ್ನು ನೀರಿಗೆ ತಳ್ಳಿದೆ ಅಲೈಡಾ, ನೀನು ಮುಳುಗಿದೆ. ಆ ಹುಡುಗಿ ನನ್ನನ್ನು ಚಿಕ್ಕಂದಿನಲ್ಲಿ ಈಜುಕೊಳದಲ್ಲಿ, ಆಮೇಲೆ ಬೇಸಿಗೆಯಲ್ಲೊಂದು ದಿನ ಕಂಡವಳು. ನೀನು ಐವತ್ತು ವರ್ಷದಿಂದ ಕಂಡವಳು. ಈಗ ಹೋಗಿ ಅವಳ ಮೇಲೆ ಸಹಿ ಹಾಕು, ಕೈ ಬಂದರೆ.

ಹೆನ್ನಿ

ಮಾರ್ಚ್ 6

ಹೆನ್ನಿ,

ಇಷ್ಟು ದಿನ ಬರೆಯದಿದ್ದುದು ಸಿಟ್ಟಿನಿಂದಲ್ಲ. ನಾಚಿಕೆಯಿಂದ.

ನಾನು ಏನು ಬರೆದುಕೊಂಡೆ ಎಂದು ನೀನು ಕೇಳಲಿಲ್ಲ. ನಾನೇ ಹೇಳುತ್ತೇನೆ. 'ಪಾತ್ರಧಾರಿ ಪಠ್ಯದಿಂದ ಆಚೆ ಹೋಗಿದ್ದಾರೆ, ಈ ವಿದ್ಯಾರ್ಥಿಗೆ ಅನ್ಯಾಯವಾಗಬಹುದು.' ನೀನು ನೆಲದ ಮೇಲಿದ್ದಾಗ ನಾನು ಬರೆದದ್ದು ಅದು. ನೀನು ಹೋದ ಮೇಲೆ ಕಾರಿಡಾರಿನಲ್ಲಿ ಓಡಿದೆ, ಅಷ್ಟು ಹೊತ್ತಿಗೆ ನಿನ್ನ ಸೈಕಲ್ ಇರಲಿಲ್ಲ.

ಅವತ್ತೇ ಸಮಿತಿಯ ಮುಂದೆ ಎದ್ದು ನಿಂತು ಹೇಳಿದೆ. ಅದು ಪಠ್ಯದಲ್ಲಿರಲಿಲ್ಲ, ಆಕೆ ನಿಜವಾಗಿ ಬಿದ್ದಳೆಂದೇ ಇಟ್ಟುಕೊಳ್ಳಿ, ನಾನು ಏಳಲಿಲ್ಲ, ನೀವು ಮೂವರೂ ಏಳಲಿಲ್ಲ, ಹುಡುಗನೂ ಕೌಂಟರ್ ಬಿಟ್ಟು ಹೊರಗೆ ಬರಲಿಲ್ಲ. ನಮ್ಮ ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಮುಂದೆ ಅಕ್ಟೋಬರಿನಲ್ಲಿ ಆಕೆ ಸಾಯುವುದರಲ್ಲಿದ್ದಳು. ಈ ಪಟ್ಟಿ ಮಾಡಿದವಳು ನಾನು, ಇದು ಏನನ್ನೂ ಅಳೆಯುತ್ತಿಲ್ಲ. ಇಷ್ಟನ್ನೂ ಹೇಳಿದೆ. ನಿರ್ದೇಶಕರು ಕಿಟಕಿಯ ಆಚೆ ಏನೋ ಇದೆಯೆಂಬಂತೆ ನೋಡುತ್ತಿದ್ದರು.

ಸಮಿತಿಯ ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. ತಲೆ ಸ್ವಲ್ಪ ವಾಲಿಸಿದರು. ನನ್ನ ಕಣ್ಣನ್ನೇ ನೋಡಿ ಹೇಳಿದರು:

"ನಿಮ್ಮ ಆತಂಕ ನಮಗೆ ಅರ್ಥವಾಗುತ್ತದೆ."

ನಿನ್ನೆ ವರದಿ ಬಂತು. ಶಾಲೆಗೆ 'ಉತ್ತಮ' ಸಿಕ್ಕಿದೆ. ನೆಲಕ್ಕೆ ಕುಸಿದ ರೋಗಿಯ ಪಾತ್ರ ಅತ್ಯಂತ ನೈಜವಾಗಿತ್ತು, ಬೇರೆ ಶಾಲೆಗಳಿಗೂ ಮಾದರಿ ಎಂದು ನಿನ್ನನ್ನು ಹೊಗಳಿದ್ದಾರೆ. ನಿರ್ದೇಶಕರು ಎಲ್ಲರಿಗೂ ಕೇಕ್ ತರಿಸಿದರು. ಬದುಕಿನಲ್ಲಿ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಇದು ನಿನ್ನಿಂದ ಅಂಟಿದ್ದಿರಬೇಕು.

ಸಹಿ ಹಾಕಲಿಲ್ಲ. ನಿರ್ದೇಶಕರು ತಾವೇ ಹಾಕುತ್ತೇನೆಂದರು. ಅವರು ಹಾಕುವ ಮೊದಲೇ ನಾನು ಔಷಧದಂಗಡಿಗೆ ಹೋಗಿ ಮಾಲೀಕರ ಎದುರು ಕೂತೆ. ಹುಡುಗಿ ಮಾಡಿದ್ದು ನಾನು ಕಲಿಸಿದ್ದನ್ನೇ, ಕೆಲಸದಿಂದ ತೆಗೆಯುವುದಾದರೆ ನನ್ನ ಶಾಲೆಯಿಂದ ಬಂದ ಪ್ರತಿಯೊಬ್ಬರನ್ನೂ ತೆಗೆಯಿರಿ ಎಂದು ಬರೆದುಕೊಟ್ಟೆ. ಅವರು ಬಹಳ ಹೊತ್ತು ಗೊಣಗಿದರು. ಕೌಂಟರಿಗೆ ಜನ ಸಿಗುತ್ತಿಲ್ಲವಂತೆ, ಅದಕ್ಕೇ ಒಪ್ಪಿದರೆಂದು ಕಾಣುತ್ತದೆ. ಹೇಗಾದರೂ ಇರಲಿ, ಸೋಮವಾರದಿಂದ ಫೆನ್ನಾ ಬರುತ್ತಾಳೆ. ನನ್ನ ಪರೀಕ್ಷಾ ಮುಖ್ಯಸ್ಥೆಯ ಹುದ್ದೆಯನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ನಾನೀಗ ಮೊದಲ ವರ್ಷದವರಿಗೆ ಮುಲಾಮು ಅರೆಯುವುದು ಹೇಗೆಂದು ಹೇಳಿಕೊಡುತ್ತೇನೆ. ಅದನ್ನು ಅಳೆಯಲು ಪಟ್ಟಿ ಬೇಕಿಲ್ಲ, ಮುಟ್ಟಿ ನೋಡಿದರೆ ಸಾಕು.

ನಿನ್ನ ಮುಖ ನೋಡಲು ಧೈರ್ಯವಿಲ್ಲ.

ಅಲೈಡಾ

ಮಾರ್ಚ್ 24

ಅಲೈಡಾ,

ಆ ಅಧ್ಯಕ್ಷೆಯ ಮಾತು ಓದಿ ಕಾಗದವನ್ನು ಗೋಡೆಗೆಸೆದೆ. ಮತ್ತೆ ಎತ್ತಿಕೊಂಡು ಓದಿದೆ. 'ಅತ್ಯಂತ ನೈಜ' ಅಂತೆ. ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜನ. ಪತ್ರಿಕೆಗೆ ಬರೆಯುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿರಲಿಲ್ಲ ನಾನು, ನೆನಪಿರಲಿ. ಅರ್ಧ ಬರೆದಾಗಿದೆ.

ಇವತ್ತು ರಕ್ತ ತೆಳುವಾಗಿಸುವ ಮಾತ್ರೆ ತರಲು ಅಂಗಡಿಗೆ ಹೋಗಿದ್ದೆ. ಶನಿವಾರ, ಬಾಗಿಲ ತನಕ ಜನ. ಫೆನ್ನಾ ಕೌಂಟರಿನ ಹಿಂದೆ ಇದ್ದಳು, ಮುಖ ಬಡವಾಗಿದೆ. ನನ್ನ ಸರದಿ ಬರುವ ಮೊದಲೇ ಗಂಟಲಿಗೆ ಏನೋ ಸಿಕ್ಕಿ ಕೆಮ್ಮಿದೆ, ಹೆರಿಂಗ್ ತಿಂದು ಬಂದಿದ್ದೆ, ಮುಳ್ಳೋ ಈರುಳ್ಳಿಯೋ. ಅವಳು ಕೈಯಲ್ಲಿದ್ದ ಪೊಟ್ಟಣವನ್ನು ಅಲ್ಲೇ ಬಿಟ್ಟು ಕೌಂಟರಿನ ಪಕ್ಕದ ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು. ನನ್ನ ಕೈ ಹಿಡಿದಳು. ಏನೂ ಆಗಿಲ್ಲ ಹೋಗಮ್ಮ, ಮೀನು ತಿಂದಿದ್ದೆ ಅಂದೆ. ಸಾಲಿನಲ್ಲಿದ್ದ ಒಬ್ಬ, ಇದೇನು ನಾಟಕ, ನಮಗೂ ಕೆಲಸ ಇದೆ ಎಂದು ರೇಗಿದ. ಹುಡುಗಿ ಅವನ ಕಡೆ ತಿರುಗಲೇ ಇಲ್ಲ. ನಾನು ಯಾವ ಸ್ವೆಟರ್ ಹಾಕಿದ್ದೆನೆಂದೂ ನೋಡಲಿಲ್ಲ, ಅಂದ ಹಾಗೆ ನೀಲಿಯದೇ. ನನ್ನ ತುಟಿ ನೋಡಿದಳು, ಬಗ್ಗಿ ಎರಡೂ ಕಾಲು ಮುಟ್ಟಿ ನೋಡಿದಳು.

"ನಾಟಕ ಆಡ್ತಿದ್ರೂ ಪರವಾಗಿಲ್ಲ ಮೇವ್ರೌ," ಅಂದಳು. "ಮೊದಲು ಕೂತ್ಕೊಳ್ಳಿ."

ಕೂತೆ. ನನ್ನನ್ನು ಬಲ್ಲವರು ಯಾರೂ ನಂಬಲಿಕ್ಕಿಲ್ಲ, ಬಾಯಿ ಮುಚ್ಚಿಕೊಂಡು ಕೂತೆ, ಕಣ್ಣಲ್ಲಿ ನೀರು ಬಂತು. ಅವಳಿಗೆ ಮನಸ್ಸಿನಲ್ಲೇ ಆರು ಕೊಟ್ಟೆ. ನಾಲ್ಕು ಪ್ರಶ್ನೆಗಳಲ್ಲಿ ಎರಡನ್ನು ಮರೆತಿದ್ದಳು, ಮಾತ್ರೆ ಕೊಡುವುದನ್ನೂ ಮರೆತು ಕಳಿಸಿದಳು, ಮತ್ತೆ ಹೋಗಬೇಕಾಯಿತು. ಆದರೂ ಪಾಸು.

ಇನ್ನು ನಿನ್ನ ವಿಷಯ. ಏಳು ವರ್ಷದವಳಿದ್ದಾಗಲೂ ಮೊದಲ ಸಲ ಮುಳುಗಿದ್ದೆ ನೀನು. ಮುಂದಿನ ವಾರ ಮರುಪರೀಕ್ಷೆಗೆ ಬಾ ಅಂದಿದ್ದೆ, ಬಂದೆ, ಈಜಿದೆ. ಭಾನುವಾರ ಬಟಾಣಿ ಸೂಪು ಮಾಡುತ್ತೇನೆ. ಬಾ. ಮುಖ ನೋಡಲು ಧೈರ್ಯವಿಲ್ಲದಿದ್ದರೆ ಬೂಟು ನೋಡುತ್ತಾ ಕೂರು, ಆದರೆ ಬಾ.

ನಿನ್ನ ಮೇಲಿನ ಸಿಟ್ಟು ಅರ್ಧ ಇಳಿದಿರುವ,
ಹೆನ್ನಿ